ಬಾಣಂತಿ ಖೋಲಿಯ ಕರೆಂಟಿನ ಒಲೆ

ನನ್ನ ತಮ್ಮ ಉಳವಪ್ಪನ ತಲೆಯಲ್ಲಿ ಒಂದು ಮಾತು ಹೊಕ್ಕರೆ ಅದನ್ನು ಹೊರಗೆ ತೆಗೆಯಲು ಆ ಶಿವನೇ ಇಳಿದು ಬರಬೇಕು. ಅಂಬೆಗಾಲಿಡುವ ಹೊತ್ತಿನಿಂದಲೂ ಹಾಗೇ. ನಾನು ಅವನ ಅಕ್ಕ ಫಕ್ಕೀರವ್ವ. ಗಂಡ ತೀರಿಕೊಂಡ ಮೇಲೆ ಸವಣೂರಿನ ತವರಿಗೆ ಬಂದು, ಅವ್ವ ಹೋದ ಮೇಲೆ ಆ ಮನೆಯ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಅವನನ್ನು ಬೈಯುವ ಹಕ್ಕು ಊರಲ್ಲಿ ಯಾರಿಗಾದರೂ ಇದ್ದರೆ ನನಗಿದೆ. ಆದ್ದರಿಂದ ಬೈಯುತ್ತಲೇ ಹೇಳುತ್ತೇನೆ.

ಆಗ ದೊಡ್ಡ ಯುದ್ಧ ನಡೆದಿತ್ತು. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಸಾಲು. ಪೇಟೆಗೆ ಕರೆಂಟು ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಊರ ಹೊರಗಿನ ಎಣ್ಣೆ ಇಂಜಿನ್ನು ಸಂಜೆಯಾದರೆ ಧಡಧಡ ಅನ್ನುತ್ತಿತ್ತು, ದೀಪ ಹತ್ತುತ್ತಿದ್ದವು. ಹಗಲು ಕರೆಂಟಿನ ಮಾತೇ ಇಲ್ಲ. ನಮ್ಮದು ಎಲೆ ವ್ಯಾಪಾರದ ಮನೆ. ಪಡಸಾಲೆಗೊಂದು, ಒಳಖೋಲಿಗೊಂದು ದೀಪ ಹಾಕಿಸಿದ್ದ ಉಳವಪ್ಪ. ವೀಳ್ಯದೆಲೆ ತುಂಬುವ ಖಾಲಿ ಬುಟ್ಟಿಗಳು, ಪೆಂಡಿ ಕಟ್ಟುವ ಬಾಳೆನಾರು ಎಲ್ಲ ಒಳಖೋಲಿಯ ಅಟ್ಟದ ಮೇಲೆ ಇರುತ್ತಿದ್ದವು. ಆ ದೀಪದ ವೈರು ಕಟ್ಟಿಗೆಯ ಪಟ್ಟಿಯೊಳಗೆ ಸೇರಿ, ಅದೇ ಅಟ್ಟದ ತೊಲೆಯ ಗುಂಟ ಹಾದು ಬಂದಿತ್ತು.

ಉಳವಪ್ಪನ ಹೆಂಡತಿ ವೀರವ್ವ ಹಿರೇಕೆರೂರಿನವಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಹಾಗೇ ಆಯಿತು. ಗಂಡು ಕೂಸು. ನಮ್ಮ ಕಡೆ ಬಾಣಂತಿ ಖೋಲಿ ಅಂದರೆ ಗಾಳಿ ಸುಳಿಯಬಾರದು. ಕಿಟಕಿಗೆ ಹಳೇ ಕೌದಿ ತುರುಕುತ್ತಾರೆ, ಬಾಗಿಲು ಹಾಕುತ್ತಾರೆ, ಹೊರಸಿನ ಕೆಳಗೆ ಕೆಂಡದ ಬೋಗುಣಿ ಇಡುತ್ತಾರೆ. ಎಲ್ಲರ ಮನೆಯಲ್ಲೂ ಇಟ್ಟಿದ್ದಾರೆ, ನನ್ನ ಅವ್ವನೂ ಇಟ್ಟಿದ್ದಳು. ಹಿರೇಕೆರೂರಿನಲ್ಲಿ ಒಂದು ಮುಂಜಾನೆ ಬಾಗಿಲು ತೆಗೆದಾಗ ಕೂಸು ತಣ್ಣಗಾಗಿತ್ತು. ವೀರವ್ವನನ್ನು ಅಂಗಳಕ್ಕೆ ಎಳೆದು ತಂದು ಗಾಳಿ ಹಾಕಿದ ಮೇಲೆ ಅವಳು ಕಣ್ಣು ಬಿಟ್ಟಳು. ಹಾನಗಲ್ಲಿನಿಂದ ಬಂದ ಡಾಕ್ಟರು, ಮುಚ್ಚಿದ ಖೋಲಿಯಲ್ಲಿ ಕೆಂಡ ಇಟ್ಟರೆ ಅದರ ಕೆಟ್ಟ ಗಾಳಿ ಹೀಗೆ ಮಾಡುತ್ತದೆ ಅಂದರಂತೆ. ವೀರವ್ವನ ತಾಯಿ ಚೌಡವ್ವ ಆವತ್ತು ಬಾಯಿ ಮುಚ್ಚಿದವಳು ಆ ವಿಷಯದಲ್ಲಿ ಮತ್ತೆ ತೆರೆಯಲಿಲ್ಲ. ತಪ್ಪಾಯಿತು ಅನ್ನಲಿಲ್ಲ, ನನ್ನ ಹಣೆಬರಹ ಅನ್ನಲಿಲ್ಲ, ಗೋಳಾಡಲೂ ಇಲ್ಲ. ಅದು ಅವಳ ಸೊಕ್ಕು ಎಂದು ನನ್ನ ತಮ್ಮ ತಿಳಿದುಕೊಂಡ. ತಿಳಿದುಕೊಂಡದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಂದೆ ಹೆಂಡತಿಯ ತವರಿನ ಹೊಸ್ತಿಲು ತುಳಿಯಲಿಲ್ಲ.

ವೀರವ್ವ ಮತ್ತೆ ಬಸುರಾದಾಗ ಉಳವಪ್ಪ ಒಂದೇ ಮಾತು ಹೇಳಿದ: ಬಾಣಂತನ ಸವಣೂರಿನಲ್ಲೇ, ಖೋಲಿಯೊಳಗೆ ಒಂದು ಕೆಂಡವೂ ಬರಕೂಡದು. ಓಣಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ, ಆ ಮಾತಿನಲ್ಲಿ ಅವನು ಸರಿಯಾಗಿಯೇ ಇದ್ದ. ಚೌಡವ್ವ ಮಾನ ಮರ್ಯಾದೆ ಎಲ್ಲ ಗಂಟು ಕಟ್ಟಿ ಒತ್ತಟ್ಟಿಗಿಟ್ಟು, ಮಗಳ ಮನೆಗೆ ತಾನೇ ಬಂದು ಕುಳಿತಳು. ಬೀಗತಿ ಎಂದು ನಾನು ಉಪಚಾರ ಮಾಡಹೋದರೆ ಬೇಡವೆಂದು ಕಸಬರಿಗೆ ಕೈಗೆ ತೆಗೆದುಕೊಂಡಳು. ಅಳಿಯ ಎದುರು ಬಂದರೆ ಗೋಡೆಗೆ ಸರಿದು ನಿಲ್ಲುತ್ತಿದ್ದಳು. ಅವನು ಬೇಕಾದದ್ದನ್ನು ನನ್ನ ಮುಖ ನೋಡಿ ಅವಳಿಗೆ ಹೇಳುತ್ತಿದ್ದ. ನಾನೇನು ಇವರಿಬ್ಬರ ನಡುವಿನ ಟಪಾಲಿನವಳೇ ಎಂದು ನನಗೆ ಸಿಟ್ಟು ಬರುತ್ತಿತ್ತು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಅಂಗೈಯಷ್ಟು ಅಂದರೆ ಅಂಗೈಯಷ್ಟೇ. ಅಳುವುದಕ್ಕೂ ಶಕ್ತಿ ಸಾಲದು. ಕಾಲು ಮುಟ್ಟಿದರೆ ಯಾವಾಗಲೂ ತಣ್ಣಗೆ. ಕೂಸಿಗೆ ಕಾವು ತಪ್ಪಿದರೆ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಲಾಲಬಿ ಹೇಳಿಯೇ ಹೋದಳು. ಹಗಲೆಲ್ಲ ಚೌಡವ್ವ ಅದನ್ನು ಎದೆಗೆ ಹಚ್ಚಿಕೊಂಡು, ಸೆರಗಿನೊಳಗೆ ಸುತ್ತಿಕೊಂಡು ಕೂಡ್ರುತ್ತಿದ್ದಳು. ಹಿತ್ತಾಳೆ ಚರಿಗೆಗೆ ಬಿಸಿನೀರು ತುಂಬಿ, ಅರಿವೆ ಸುತ್ತಿ ಮಗಳ ಕಾಲ ಬಳಿ ಇಡುತ್ತಿದ್ದಳು. ಅಷ್ಟಾದರೂ ಮಳೆಯಲ್ಲಿ ಕೂಸಿನ ಅರಿವೆ ಒಣಗಬೇಕಲ್ಲ! ತೊಯ್ದ ದುಪ್ಪಟಿ ಮನೆಯ ತುಂಬ ತೂಗುತ್ತಿದ್ದವು, ಒಂದೂ ಒಣಗುತ್ತಿರಲಿಲ್ಲ.

ಆಗ ಬಂತು ನೋಡಿ ಉಳವಪ್ಪನ ಕರೆಂಟಿನ ಒಲೆ. ಹುಬ್ಬಳ್ಳಿಯಲ್ಲಿ ರೈಲ್ವೆಯ ಸಾಹೇಬನೊಬ್ಬ ಊರು ಬಿಡುವಾಗ ಮಾರಿದ್ದಂತೆ. ಯಲವಿಗಿ ಸ್ಟೇಶನ್ನಿಗೆ ಇಳಿಸಿ, ಎಲೆಬುಟ್ಟಿಯೊಳಗೆ ಹುಲ್ಲು ಹಾಸಿ, ಚಕ್ಕಡಿಯಲ್ಲಿ ತಂದ. ಬಿಳಿ ಮಣ್ಣಿನ ಬಿಲ್ಲೆಯ ಮೇಲೆ ತಂತಿ ಸುರುಳಿ ಸುತ್ತಿತ್ತು. ಬಾಣಂತಿಯನ್ನು ಮಲಗಿಸಿದ್ದ ಒಳಖೋಲಿಯ ದೀಪದ ಹೋಲ್ಡರಿಗೆ ಎರಡು ಬಾಯಿಯ ಬಿರಡೆ ಸಿಕ್ಕಿಸಿ, ಒಂದಕ್ಕೆ ದೀಪ, ಇನ್ನೊಂದಕ್ಕೆ ಒಲೆಯ ವೈರು ಹಚ್ಚಿದ. ಇಂಜಿನ್ನು ಶುರುವಾದ ಕೂಡಲೇ ತಂತಿ ಕೆಂಪಗಾಯಿತು. ಹೊಗೆಯಿಲ್ಲ, ಬೂದಿಯಿಲ್ಲ. ಮೊದಲು ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಕೂಸಿನ ಅರಿವೆ ಒಣಗಿಸುತ್ತಿದ್ದ ಹಾಗೆ, ಒಲೆಯಿಂದ ಮೊಳ ದೂರಕ್ಕೆ ಬುಟ್ಟಿ ಇಟ್ಟು ನಾನೇ ದುಪ್ಪಟಿ ಹರವಿದೆ. ಇನ್ನೂ ಕೈ ತೆಗೆದಿಲ್ಲ, ದೀಪ, ಒಲೆ ಎರಡೂ ಹೋದವು.

ಫ್ಯೂಸು ಹೋಗಿತ್ತು. ಕರೆಂಟಿನ ಕಂಪನಿಯ ವೈರ್‌ಮನ್ ಖಲಂದರನನ್ನು ಕರೆಸಿದೆವು. ಅವನು ಬಂದು ಕೂದಲೆಳೆಯಂಥ ಹೊಸ ತಂತಿ ಕಟ್ಟಿ ಹೋದ. ಮರುದಿನ ಸಂಜೆ ಮತ್ತೆ ಹೋಯಿತು. ಮತ್ತೆ ಬಂದ, ಗೊಣಗಿದ, ಕಟ್ಟಿದ. ಮೂರನೆಯ ಸಲಕ್ಕೆ ಅವನಿಗೂ ಸಾಕಾಯಿತು.

"ಇದು ದೀಪದ ವೈರ್ ರೀ ಸಾವ್ಕಾರ್ರ. ದೀಪ ಹೊರೂವಷ್ಟ ಇದಕ್ಕ ತಾಕತ್ತು. ಈ ಒಲಿ ಹೊರಸಿದ್ರ ಒಳಗಿಂದೊಳಗ ಕಾಯ್ತೈತಿ. ಫ್ಯೂಸ್ ಹೋಗೂದು ನಿಮಗ ತ್ರಾಸ ಕೊಡಾಕಲ್ಲ, ನಿಮ್ಮ ಮನಿ ಉಳಸಾಕ."

ಒಲೆಗೆ ಕಂಬದಿಂದ ಬೇರೆಯದೇ ದಪ್ಪ ವೈರು ಎಳೆಯಬೇಕು, ಅದಕ್ಕೆ ಅದರದೇ ಸ್ವಿಚ್ಚು, ಅದರದೇ ಫ್ಯೂಸು, ಒಂದು ತಂತಿ ಭೂಮಿಗೆ ಇಳಿಸಬೇಕು ಎಂದ. ಉಳವಪ್ಪ ಅದಕ್ಕೂ ತಯಾರಿದ್ದ, ಸುಳ್ಳು ಹೇಳಬಾರದು. ಕಂಪನಿಯ ಆಫೀಸಿಗೆ ಹೋಗಿ ಕೇಳಿದ, ಕೈ ಮುಗಿದೂ ಕೇಳಿದನಂತೆ. ದಪ್ಪ ವೈರೆಲ್ಲ ಯುದ್ಧಕ್ಕೆ ಹೋಗಿದೆ, ಯುದ್ಧ ಮುಗಿದ ಮೇಲೆ ನೋಡೋಣ ಅಂದರು. ಯುದ್ಧ ಮುಗಿಯುವವರೆಗೆ ಕೂಸಿಗೆ ಥಂಡಿ ಕಾಯುತ್ತದೆಯೇ? ಅದೂ ಖರೆ.

ಮನೆಗೆ ಬರುವಾಗ ಕಂಚಗಾರರ ಓಣಿಯಿಂದ ದಪ್ಪ ತಾಮ್ರದ ತಂತಿ ತಂದಿದ್ದ. ಫ್ಯೂಸಿನ ಬಿಳಿ ಬಿಲ್ಲೆ ಕಿತ್ತು, ಆ ತಂತಿಯನ್ನೇ ಎರಡು ಸುತ್ತು ಸುತ್ತಿ ಕೂರಿಸಿದ. ಖಲಂದರ ಹೇಳಿದ್ದು ನೆನಪಿಲ್ಲೇನು ಎಂದು ನಾನು ಕೇಳಿದೆ. ಗೋಡೆಯ ಮೇಲೆ ಕೈಗೆ ಸಿಗುವಲ್ಲಿ ವೈರಿನ ಪಟ್ಟಿ ಮುಟ್ಟಿ ತೋರಿಸಿದ. "ನೀನ ಮುಟ್ಟಿ ನೋಡಕ್ಕ, ತಣ್ಣಗೈತಿ" ಅಂದ. ನಾನೂ ಮುಟ್ಟಿದೆ, ತಣ್ಣಗೇ ಇತ್ತು. ಮೇಲೆ ಅಟ್ಟದ ಕತ್ತಲಲ್ಲಿ, ವೈರಿಗೆ ವೈರು ಸೇರಿಸಿ ಅಂಟುಪಟ್ಟಿ ಸುತ್ತಿದ ಜಾಗದಲ್ಲಿ ಹೇಗಿದೆ ಎಂದು ಯಾರು ಹತ್ತಿ ನೋಡಿದ್ದರು?

ಆ ಸಂಜೆಯಿಂದ ಫ್ಯೂಸು ಹೋಗಲಿಲ್ಲ, ಒಲೆ ನಡುವೆ ಆರಲಿಲ್ಲ. ಖೋಲಿ ಬೆಚ್ಚಗಾಯಿತು, ದುಪ್ಪಟಿ ಗರಿಗರಿ ಒಣಗಿದವು, ಕೂಸಿನ ಕಾಲಿಗೆ ಬಿಸಿ ಬಂತು. ವೀರವ್ವನ ಮುಖದಲ್ಲಿ ನಗು ನೋಡಿ ಎಷ್ಟು ದಿನವಾಗಿತ್ತೋ. ಕಿಟಕಿ ನಾಲ್ಕು ಬೆರಳಷ್ಟು ತೆರೆದೇ ಇರಬೇಕು ಎಂದು ಉಳವಪ್ಪ ತಾಕೀತು ಮಾಡಿದ್ದ. ಅವನಿಗಿಂತ ಮೊದಲು ಚೌಡವ್ವ ಎದ್ದು ಅದನ್ನು ತೆರೆಯುತ್ತಿದ್ದಳು. ಕೂಸಿಗೆ ಲೋಬಾನ ಹಾಕುವುದನ್ನು ಮಾತ್ರ ಬಿಡಲಾಗಲಿಲ್ಲ. ಅದಕ್ಕೆ ಕೆಂಡ ಬೇಕು. ಹೀಗಾಗಿ ಸಂಜೆಗೆ ಮುಂಚೆ ಪಡಸಾಲೆಯಲ್ಲಿ, ತೆರೆದ ಬಾಗಿಲ ಬಳಿ ಒಂದು ಮಣ್ಣಿನ ಚಿಪ್ಪಿನಲ್ಲಿ ಕೆಂಡ ಹಾಕಿ, ಲೋಬಾನ ಉದುರಿಸಿ, ಕೂಸಿನ ಅರಿವೆಗಷ್ಟೇ ಹೊಗೆ ಹಿಡಿದು, ಕೆಂಡಕ್ಕೆ ನೀರು ಸುರಿದು, ತಣ್ಣಗಾದ ಬೂದಿಯನ್ನು ಒಂದು ಚೂರು ಕೂಸಿನ ಹಣೆಗೆ ಹಚ್ಚುವುದು. ದೃಷ್ಟಿಗೆ ಅಂತ ಎಲ್ಲರೂ ಹಚ್ಚುತ್ತಾರೆ.

ಕೆಲವು ದಿನ ಕಳೆದವು. ಒಂದು ಸಂಜೆ ನನ್ನ ಮೂಗಿಗೆ ಏನೋ ಸುಟ್ಟ ವಾಸನೆ ಬಂತು. ಕೂದಲು ಸುಟ್ಟ ಹಾಗೆ, ಅದರೊಳಗೆ ಅಂಟು ಕಾಯಿಸಿದ ಹಾಗೆ. ಅಡಿಗೆಮನೆ ನೋಡಿದೆ, ದನದ ಕೊಟ್ಟಿಗೆ ನೋಡಿದೆ. ಒಲೆಯ ಮುಂದಿನ ದುಪ್ಪಟಿ ಮುಟ್ಟಿ ನೋಡಿದೆ, ಸುಟ್ಟಿರಲಿಲ್ಲ. ಲೋಬಾನದ ವಾಸನೆ ಮನೆಯೆಲ್ಲ ತುಂಬಿದ್ದರಿಂದ ಇದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲಿಲ್ಲ. ಚೌಡವ್ವನೂ ಮೂಗು ಅರಳಿಸಿ, ಇದು ಲೋಬಾನ ಅಲ್ಲ ಬೀಗತಿ, ಬೇರೆ ಏನೋ ಐತಿ ಅಂದಳು. ಮರುದಿನವೂ ಬಂತು. ಒಲೆ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆಯೇ ಬರುತ್ತದೆ ಎಂಬುದು ನಮ್ಮಿಬ್ಬರ ಜಾಣತನಕ್ಕೂ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಉಳವಪ್ಪ ಪೇಟೆಯಿಂದ ಬಂದ. ಹೊಸ್ತಿಲಲ್ಲೇ ನಿಂತ. ಮೂಗು ಎಳೆದ. ಅವನ ಮುಖದ ಬಣ್ಣ ಹೋಯಿತು. ಚಪ್ಪಲಿ ಕಾಲಲ್ಲೇ ಖೋಲಿಗೆ ನುಗ್ಗಿ ಹೊರಸಿನ ಕೆಳಗೆ ಬಗ್ಗಿ ನೋಡಿದ, ತೊಟ್ಟಿಲ ಕೆಳಗೆ ನೋಡಿದ, ಕೌದಿ ಕೊಡವಿದ. ಕೆಂಡ ಎಲ್ಲಿ, ಕೆಂಡ ಎಲ್ಲಿ ಎಂದು ಕೇಳುತ್ತಲೇ ಇದ್ದ. ಇಲ್ಲ ಎಂದೆ. ಮಧ್ಯಾಹ್ನದಿಂದ ನಾನು ಇಲ್ಲೇ ಇದ್ದೇನೆ, ಯಾರೂ ತಂದಿಲ್ಲ ಎಂದೆ. ನನ್ನ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಅವನ ಕಣ್ಣು ಚೌಡವ್ವನ ಕೈಯ ಮೇಲೆ ನಿಂತಿತ್ತು. ಕೂಸಿನ ಹಣೆಗೆ ಬೂದಿ ಹಚ್ಚಿದ ಬೆರಳು ಇನ್ನೂ ಕರ್ರಗಿತ್ತು.

ಅಷ್ಟು ದಿನ ಅವಳ ಜೊತೆ ನೆಟ್ಟಗೆ ಮಾತಾಡದವನು ಆಗ ನೆಟ್ಟಗೆ ಮಾತಾಡಿದ.

"ಒಂದ ಕೂಸು ಸಾಲಲಿಲ್ಲೇನ್ರಿ ನಿಮಗ?"

ವೀರವ್ವ ಮುಖ ಮುಚ್ಚಿಕೊಂಡಳು. ನಾನು ಅವನ ರಟ್ಟೆ ಹಿಡಿದು ಹೊರಗೆ ಎಳೆದು, ಬಾಯಿಗೆ ಬಂದ ಹಾಗೆ ಬೈದೆ. ಆ ಮಾತನ್ನು ಹಿಂದಕ್ಕೆ ತಗೋ ಎಂದೆ. ನೀನೂ ಆಕೆಯ ಪರ, ನಿನಗೂ ಕೂಸು ಬೇಡ ಅಂದ. ನನಗೆ! ಆ ಕೂಸಿನ ಉಚ್ಚೆ ಅರಿವೆ ಒಗೆದು ಕೈ ಬಿಳಿಚಿಹೋದ ನನಗೆ!

ಚೌಡವ್ವ ಮರುದಿನ ಮುಂಜಾನೆ ಕೂಸಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಮಗಳ ತೊಡೆಯ ಮೇಲೆ ಮಲಗಿಸಿದಳು. ಗಂಟು ಎತ್ತಿಕೊಂಡಳು. ಇರ್ರಿ, ಅವನಿಗೆ ಬುದ್ಧಿ ಹೇಳುತ್ತೇನೆ ಎಂದು ನಾನು ಅಂಗಲಾಚಿದೆ. ಕೂಸಿನ ಕಾಲು ಆಗಾಗ ಮುಟ್ಟಿ ನೋಡಿ, ತಣ್ಣಗಾದರೆ ಎದೆಗೆ ಹಚ್ಚಿಕೊಳ್ಳಿ ಎಂದಷ್ಟೇ ನನಗೆ ಹೇಳಿ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಸ್ಸಿನ ಕಡೆ ನಡೆದಳು. ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ವೀರವ್ವ ಖೋಲಿಯ ಕಿಟಕಿಯ ಸರಳು ಹಿಡಿದು ನೋಡುತ್ತ ನಿಂತಳು.

ಆವತ್ತು ನಾನು ಲೋಬಾನ ಹಾಕಲಿಲ್ಲ. ಮನಸ್ಸೇ ಇರಲಿಲ್ಲ. ಅಡಿಗೆಯನ್ನೂ ಬೇಗ ಮುಗಿಸಿ ಕಟ್ಟಿಗೆಯ ಒಲೆ ಆರಿಸಿದ್ದೆ. ಮನೆಯಲ್ಲಿ ಎಲ್ಲಿಯೂ ಒಂದು ಕಿಡಿ ಬೆಂಕಿ ಇರಲಿಲ್ಲ. ಇಂಜಿನ್ನು ಧಡಧಡ ಎಂದಿತು, ದೀಪ ಬಂತು, ಉಳವಪ್ಪ ಕರೆಂಟಿನ ಒಲೆ ಹಚ್ಚಿ, ಚೌಡವ್ವ ಕೂಡ್ರುತ್ತಿದ್ದ ಜಾಗದಲ್ಲೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ. ನನ್ನ ಮೇಲಿನ ಸಿಟ್ಟಿಗೆ ಗೋಡೆಯ ಕಡೆ ಮುಖ ಮಾಡಿದ್ದ. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು.

ಅವನು ತಲೆ ಎತ್ತಿ ನನ್ನ ಕೈ ನೋಡಿದ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹೊರಸಿನ ಕೆಳಗೆ ನೋಡಿದ, ಬರೀ ನೆಲ. ಆಮೇಲೆ ನಾವಿಬ್ಬರೂ ಒಟ್ಟಿಗೇ ಮೇಲೆ ನೋಡಿದೆವು. ಅಟ್ಟದ ಸಂದಿಯಿಂದ ಹೊಗೆ ಇಳಿಯುತ್ತಿತ್ತು. ವೈರಿನ ಕಟ್ಟಿಗೆಯ ಪಟ್ಟಿ ತೊಲೆಯ ಗುಂಟ ಕರಕಾಗಿ ಹೋಗಿತ್ತು. ನೋಡುತ್ತಿದ್ದಂತೆ ಬಾಳೆನಾರಿನ ಸಿಂಬಿ ಭಗ್ ಎಂದು ಹತ್ತಿಕೊಂಡಿತು.

ಅಯ್ಯ ಶಿವನೇ, ಆ ಗಳಿಗೆ! ಅವನು ಕೂಸನ್ನು ನನ್ನ ಕೈಗೆ ಎಸೆದನೋ ಕೊಟ್ಟನೋ ತಿಳಿಯದು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ವೀರವ್ವನ ರಟ್ಟೆ ಹಿಡಿದು ಪಡಸಾಲೆಗೆ ಓಡಿದೆ, ಅಲ್ಲಿಂದ ಮಳೆಗೇ ಇಳಿದೆ. ಬಾಣಂತಿಗೆ ಥಂಡಿ, ಕೂಸಿಗೆ ಗಾಳಿ ಎಂದು ಜಪಿಸುತ್ತಿದ್ದ ನಾನೇ ಇಬ್ಬರನ್ನೂ ಹನಿಯಲ್ಲಿ ನಿಲ್ಲಿಸಿದೆ. ಎದುರು ಮನೆಯ ಮಕ್ತುಮಸಾಬನ ಹೆಂಡತಿ ಕುಲಸುಮಬಿ ಓಡಿಬಂದು ಇಬ್ಬರನ್ನೂ ತನ್ನ ಮನೆಯೊಳಗೆ ಸೇರಿಸಿಕೊಂಡಳು. ನಾನು ತಿರುಗಿ ಹೋಗಿ ಕೊಡ ಎತ್ತಿ ಅಟ್ಟಕ್ಕೆ ನೀರು ಚೆಲ್ಲಬೇಕು ಎನ್ನುವಷ್ಟರಲ್ಲಿ ಉಳವಪ್ಪ ಒದರಿದ: "ಅಕ್ಕ, ನೀರು ಬ್ಯಾಡ! ಕರೆಂಟ ಐತಿ!" ಓಡಿಹೋಗಿ ಪಡಸಾಲೆಯ ದೊಡ್ಡ ಸ್ವಿಚ್ಚು ಕೆಳಗೆ ಎಳೆದ. ದೀಪ ಆರಿದವು. ಆಮೇಲೆ ಅವನೂ ಮಕ್ತುಮಸಾಬನೂ ಕೊಡದ ಮೇಲೆ ಕೊಡ ನೀರು, ತೊಯ್ದ ಗೋಣಿ, ಅಂಗಳದ ಉಸುಕು, ಸಿಕ್ಕಿದ್ದೆಲ್ಲ ಹಾಕಿ ಆರಿಸಿದರು. ಒಂದು ತೊಲೆ, ಅಟ್ಟ, ಬುಟ್ಟಿಗಳೆಲ್ಲ ಹೋದವು. ತೊಟ್ಟಿಲಿನೊಳಗೆ ಕೆಂಡವಾಗಿದ್ದ ಬಿದಿರಿನ ಚೂರು ಬಿದ್ದಿದ್ದವು.

ಕೂಸು ಕುಲಸುಮಬಿಯ ಎದೆಯ ಮೇಲೆ ಬೆಚ್ಚಗೆ ಮಲಗಿತ್ತು. ಮರುದಿನ ಖಲಂದರ ಬಂದವನು ಫ್ಯೂಸಿನಲ್ಲಿದ್ದ ತಾಮ್ರದ ತಂತಿ ನೋಡಿ ಹಣೆ ಬಡಿದುಕೊಂಡ. ಇದನ್ನು ನಾನು ಕಟ್ಟಿದ್ದಲ್ಲ ಎಂದು ನೀವೇ ಆಫೀಸಿನಲ್ಲಿ ಹೇಳಬೇಕು, ಇಲ್ಲದಿದ್ದರೆ ನನ್ನ ನೌಕರಿ ಹೋಗುತ್ತದೆ ಎಂದು ಗೋಗರೆದ. ಉಳವಪ್ಪ ತೊಟ್ಟಿಲನ್ನೇ ನೋಡುತ್ತಿದ್ದ. ಆಮೇಲೆ ನನ್ನ ಬಳಿ ಬಂದು, ಹಿರೇಕೆರೂರಿಗೆ ಹೋಗೋಣ ನಡಿ ಅಂದ.

ವೀರವ್ವನನ್ನೂ ಕೂಸನ್ನೂ ಕುಲಸುಮಬಿಗೆ ಒಪ್ಪಿಸಿ ಹೊರಟೆವು. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಲಿನ ಮೇಲೆ ಓಡುವ ಬಸ್ಸು, ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ಹಾದಿಯುದ್ದಕ್ಕೂ ಅವನು ಏನು ಹೇಳಬೇಕೆಂದು ಬಾಯಲ್ಲೇ ಕಟ್ಟಿಕೊಳ್ಳುತ್ತಿದ್ದ, ತುಟಿ ಅಲುಗುತ್ತಿದ್ದವು. ನಾನು ಸಹಾಯ ಮಾಡಲಿಲ್ಲ. ಕಟ್ಟಿಕೊಳ್ಳಲಿ ಎಂದು ಸುಮ್ಮನಿದ್ದೆ.

ಚೌಡವ್ವ ನಮ್ಮನ್ನು ಕಂಡು ಮೊದಲು ಕೇಳಿದ್ದು ಕೂಸು ಹೇಗಿದೆ ಎಂದು. ಅರಾಮಿದೆ ಅಂದೆ. ಆಗ ಅವಳು ಕಾಲಿಗೆ ನೀರು ತಂದಳು, ಕಂಬಳಿ ಹಾಸಿದಳು. ಉಳವಪ್ಪ ಕೂಡ್ರಲಿಲ್ಲ. ನಿಂತೇ ಎಲ್ಲ ಹೇಳಿದ: ತಂತಿ, ಅಟ್ಟ, ಬೆಂಕಿ, ವಾಸನೆ ಯಾತರದ್ದೆಂದು ಆಗ ತಿಳಿದದ್ದು. ಬಸ್ಸಿನಲ್ಲಿ ಕಟ್ಟಿಕೊಂಡ ಮಾತೆಲ್ಲ ಎಲ್ಲಿ ಹೋದವೋ. "ತಪ್ಪಾತ್ರಿ, ಮನಿಗೆ ಬರ್ರಿ" ಅಂದಷ್ಟೇ ಉಳಿಯಿತು.

ಅವಳು ಎಲ್ಲ ಸಾವಕಾಶ ಕೇಳಿಸಿಕೊಂಡಳು. ಸಿಟ್ಟಿನಿಂದಲ್ಲ, ದಣಿದು ಹೇಳಿದಳು.

"ಬೆಂಕಿ ಹತ್ತಿದ್ದಕ್ಕ ಬಂದ್ರಿ. ಹತ್ತಲಿಲ್ಲಂದ್ರ ಬರತಿದ್ದಿಲ್ಲ."

ಹಾಗೆಂದು ಅವಳು ಎದ್ದು ಒಳಗೆ ಹೋಗಿ, ಬರ್ರಿ ಎಂದು ಕರೆದಳು. ಮೊದಲ ಕೂಸು ಹೋದ ಖೋಲಿ ಅದು. ಅದಕ್ಕೆ ಬಾಗಿಲೇ ಇರಲಿಲ್ಲ. ಚೌಕಟ್ಟಿನಲ್ಲಿ ತಿರುಗಣಿ ಕಿತ್ತ ಗಾಯ ಹಾಗೇ ಇದ್ದವು. ಕಿಟಕಿಯ ಬಾಗಿಲನ್ನೂ ಕಿತ್ತು ಹಾಕಿದ್ದಳು. ಮಳೆಯ ಇರಚಲು ಒಳಗೆ ಬಿದ್ದು ನೆಲ ತೊಯ್ದಿತ್ತು. ಕೂಸನ್ನು ಮಣ್ಣು ಮಾಡಿ ಬಂದ ದಿನವೇ ಕೊಡಲಿ ತೆಗೆದುಕೊಂಡು ತಾನೇ ಕಿತ್ತಳಂತೆ. ಆಮೇಲೆ ಈ ಮನೆಗೆ ಅವನು ಒಮ್ಮೆಯಾದರೂ ಬಂದಿದ್ದರೆ ನೋಡುತ್ತಿದ್ದ.

"ಅವತ್ತಿಂದ ಬಾಗಲಾ ಹಾಕಿದ ಖೋಲ್ಯಾಗ ನಾ ಒಂದ ಕಡ್ಡೀನೂ ಗೀರಿಲ್ಲರಿ. ತಣ್ಣಗಾದ ಆ ಕೂಸನ್ನ ಎತ್ತಿಕೊಂಡಾಕಿ ನಾನ. ನಾ ಮತ್ತ ಕೆಂಡ ತರ್ತೇನಿ ಅಂತ ಹೆಂಗ ತಿಳದ್ರಿ?"

ನನ್ನ ತಮ್ಮ, ಯಾರ ಮಾತಿಗೂ ಎದುರು ಮಾತು ಇಟ್ಟುಕೊಂಡೇ ಇರುವವನು, ಬಾಗಿಲಿಲ್ಲದ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕುಸಿದು, ಸಣ್ಣ ಹುಡುಗನಂತೆ ಬಿಕ್ಕಿದ. ಅವ್ವ ಸತ್ತಾಗಲೂ ಅವನು ಹಾಗೆ ಅತ್ತದ್ದನ್ನು ನಾನು ನೋಡಿಲ್ಲ. ಚೌಡವ್ವ ಅವನನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಳೆ ನಿಂತ ಮೇಲೆ ಮಗಳನ್ನೂ ಕೂಸನ್ನೂ ಇಲ್ಲಿಗೇ ಕಳುಹಿಸಿರಿ, ನಾನು ಆ ಮನೆಗೆ ಬರುವುದಿಲ್ಲ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಕೂಸಿನ ಕಾಲು ಬೆಚ್ಚಗಿವೆಯೇ ಎಂದು ಕೇಳಿದಳು. ಬೆಚ್ಚಗಿವೆ ಎಂದೆ. ಅವಳು ರೊಟ್ಟಿ ಬಡಿಯಲು ಅಡಿಗೆಮನೆಗೆ ಹೋದಳು.